ಮಗ್ಗದ ಸಪ್ಪಳದ ಮರೆಯಲ್ಲಿ ಉಜ್ವಲಾ

ಉಜ್ವಲಾಳಿಗೆ ಕಿವಿ ಕೇಳಿಸುವುದಿಲ್ಲ ಎಂದೇ ಇದನ್ನು ಬರೆಯುತ್ತಿರುವವನು ಬಹಳ ದಿನ ತಿಳಿದಿದ್ದ. ಅದಕ್ಕೆ ತಕ್ಕ ಪುರಾವೆಯೂ ಅವನ ಬಳಿ ಇತ್ತು. ಬನಹಟ್ಟಿಯ ಓಣಿಗಳಲ್ಲಿ ಹೋಗುವಾಗ ಬರುವಾಗ, ಯಾವುದೋ ಮಗ್ಗದ ಮನೆಯ ಬಾಗಿಲೊಳಗೆ, ಹೆಗಲಿಗೆ ಚೀಲ ಹಾಕಿಕೊಂಡ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಎದುರಿಗಿದ್ದವರ ಬಾಯಿಯನ್ನೇ ಎವೆಯಿಕ್ಕದೆ ನೋಡುತ್ತ ನಿಂತಿರುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಒಂದು ದಿನ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲೇ ಕುಳಿತಿದ್ದಳು. ಪರೋಪಕಾರದ ಹುಮ್ಮಸ್ಸು ಬಂದಾಗ ಮನುಷ್ಯನ ಗಂಟಲು ತಾನಾಗಿಯೇ ದೊಡ್ಡದಾಗುತ್ತದೆ. ಪಾಪ, ಕಂಡಕ್ಟರ್ ಕೂಗಿದ್ದು ಈಕೆಗೆ ಕೇಳಿಸೀತೋ ಇಲ್ಲವೋ ಎಂದು ಅವನು ಮುಂದಕ್ಕೆ ಬಾಗಿ, ಎಲ್ಲಿ ಇಳಿಯಬೇಕೆಂದು ಬಸ್ಸಿಗೆ ಬಸ್ಸೇ ತಿರುಗಿ ನೋಡುವ ಹಾಗೆ ಕೇಳಿದ. ಅವಳು ಸಾವಕಾಶ ತಿರುಗಿದಳು.

“ನನ್ನ ಕಿವಿ ಎರಡೂ ಛಲೋ ಅದಾವ್ರಿ. ನಿಮ್ಮ ಗಂಟಲಾ ಯಾರಿಗರೆ ತೋರಸ್ಕೋರಿ.”

ಆ ಎರಡು ಕಿವಿಗಳಿಗೆ ಸರಕಾರ ಪಗಾರ ಕೊಡುತ್ತದೆ ಎಂಬುದು ಅವನಿಗೆ ಆಮೇಲೆ ತಿಳಿಯಿತು. ಉಜ್ವಲಾ ಸರಕಾರದ ಮಾನಸಿಕ ಆರೋಗ್ಯ ಯೋಜನೆಯಲ್ಲಿ ಆಪ್ತ ಸಮಾಲೋಚಕಿ. ಹುದ್ದೆಯ ಹೆಸರು ದೊಡ್ಡದು, ನೇಮಕ ಮಾತ್ರ ಗುತ್ತಿಗೆಯದು. ಕೆಲಸವೆಂದರೆ, ಒಳಗೊಳಗೇ ಬೇಯುತ್ತಿರುವ ಮನುಷ್ಯರನ್ನು ಎದುರಿಗೆ ಕೂಡಿಸಿಕೊಂಡು ಅವರ ಮಾತು ಕೇಳುವುದು, ಕೇಳಿ ಒಂದು ದಾರಿ ಹುಡುಕಲು ಜೊತೆಯಾಗುವುದು, ಗುಳಿಗೆ ಬೇಕೆನಿಸಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಎಲ್ಲವೂ ಪುಕ್ಕಟೆ.

ಅವಳ ತಾಯಿ ರುಕ್ಮವ್ವನಿಗೆ ಇದನ್ನು ಓಣಿಗೆ ವಿವರಿಸುವುದೇ ಒಂದು ಕೆಲಸವಾಗಿತ್ತು. ರುಕ್ಮವ್ವ ಈಗಲೂ ಮನೆಯ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಲಾಳಿಯೊಳಗೆ ಕೂಡುವ ನೂಲಿನ ಸುರುಳಿ ಅದು. ಮಗಳು ವಿಜಯಪುರಕ್ಕೆ ಹೋಗಿ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿ ಬಂದು ನೌಕರಿ ಹಿಡಿದಾಗ, ಮೊದಲು ಅವಳನ್ನು ಮನಸಿನ ಡಾಕ್ಟರ್ ಎಂದು ಸಾರಿದಳು. ಹಾಗನ್ನಬಾರದು ಎಂದು ಮಗಳು ತಿದ್ದಿದಳು. ಆಗ ರುಕ್ಮವ್ವ, ಡಾಕ್ಟರ್ ಅಲ್ಲವಂತೆ, ಸೂಜಿ ಚುಚ್ಚುವುದಿಲ್ಲವಂತೆ, ಬರೇ ಮಂದಿಯ ಮಾತು ಕೇಳುತ್ತಾಳಂತೆ, ಅದಕ್ಕೇ ಸರಕಾರ ಪಗಾರ ಕೊಡುತ್ತದಂತೆ ಎಂದಳು. ಎದುರು ಮನೆಯ ಯಲ್ಲಕ್ಕ ಜೋಳ ಹಸನು ಮಾಡುತ್ತ ಕೂತಿದ್ದವಳು ತಲೆ ಎತ್ತಲಿಲ್ಲ.

“ನಮ್ಮ ಮನ್ಯಾವನ ಮಾತು ನಾ ಮದವ್ಯಾದಾಗಿಂದ ಕೇಳಾಕತ್ತೇನಿ ಬೇ. ನನಗ ಯಾ ಸರಕಾರಾನೂ ಕೊಡಲಿಲ್ಲ.”

ಉಜ್ವಲಾಗೂ ಮೊದಮೊದಲು ಸ್ವಲ್ಪ ಗತ್ತು ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿಯನ್ನು ಅವಳು ಹಿಟ್ಟಿನ ಗಿರಣಿಗೂ ಹಾಕಿಕೊಂಡು ಹೋಗುತ್ತಿದ್ದಳು. ಅದರ ಮೇಲೆ ಹಿಟ್ಟು ಕೂತು ಅವಳ ಫೋಟೋ ಬೆಳ್ಳಗಾಗಿತ್ತು.

ವಾರದಲ್ಲಿ ನಾಲ್ಕು ದಿನ ನಾಲ್ಕು ಊರು. ಸೋಮವಾರ ಜಮಖಂಡಿ, ಮಂಗಳವಾರ ಮುಧೋಳ, ಬುಧವಾರ ಬೀಳಗಿ, ಗುರುವಾರ ಬನಹಟ್ಟಿ. ಒಂದೊಂದು ಊರಿನ ದುಃಖಕ್ಕೂ ಒಂದೊಂದು ನಡಾವಳಿ ಇದೆ ಎಂಬುದನ್ನು ಅವಳು ಬೇಗ ಕಲಿತಳು. ಜಮಖಂಡಿಯ ನೌಕರಿ ಮಂದಿ ತಮ್ಮ ಕಷ್ಟವನ್ನು ವರದಿ ಒಪ್ಪಿಸುವ ಹಾಗೆ ಒಂದನೆಯದು, ಎರಡನೆಯದು ಎಂದು ಬೆರಳು ಮಡಚಿ ಹೇಳುತ್ತಿದ್ದರು. ಮುಧೋಳಕ್ಕೆ ಲೋಕಾಪುರದ ಕಡೆಯಿಂದ ಬರುವವರು ಜೊತೆಗೊಬ್ಬ ಮಾವನನ್ನೋ ಕಾಕಾನನ್ನೋ ಕರೆತರುತ್ತಿದ್ದರು. ಮಾತೆಲ್ಲ ಅವನೇ ಆಡಿ, ಕಡೆಗೆ ಅವನದೇ ದುಃಖ ದೊಡ್ಡದೆಂದು ಗೊತ್ತಾಗುತ್ತಿತ್ತು. ಬೀಳಗಿಯವರು ಬಸ್ಸಿನ ಹೊತ್ತು ಕೇಳಿಕೊಂಡೇ ಅಳಲು ಶುರುಮಾಡುತ್ತಿದ್ದರು. ಏನೇ ಆದರೂ ಬರುತ್ತಿದ್ದರು, ಮಾತಾಡುತ್ತಿದ್ದರು, ಮತ್ತೆ ಬರುತ್ತಿದ್ದರು.

ಸ್ವಂತ ಊರಾದ ಬನಹಟ್ಟಿಯಲ್ಲಿ ಮಾತ್ರ ಅವಳು ಸೋತಳು.

ಸೋಲಿನಲ್ಲಿ ಕೋಣೆಯ ತಪ್ಪಿರಲಿಲ್ಲ. ದವಾಖಾನೆಯಲ್ಲಿ ಅವಳಿಗೆಂದೇ ಒಂದು ಕೋಣೆ ಮಾಡಿ, ತಿಳಿನೀಲಿ ಬಣ್ಣ ಬಳಿದು, ಗೋಡೆಗೊಂದು ಜಲಪಾತದ ಚಿತ್ರ ಹಾಕಿ, ಕೂತರೆ ಮೊಣಕಾಲು ಎದೆಗೆ ಬರುವಷ್ಟು ಮೆತ್ತನೆಯ ಸೋಫಾ ಇಟ್ಟಿದ್ದರು. ಆದರೆ ನೇಕಾರರ ಊರಿನ ಗಂಟಲು ಆ ಕೋಣೆಗೆ ಹೊಂದುವಂಥದ್ದಲ್ಲ. ಹುಟ್ಟಿದಾಗಿನಿಂದ ಪವರ್‌ಲೂಮಿನ ಸಪ್ಪಳದ ಮೇಲೆ ಮಾತು ಹಾರಿಸಿ ರೂಢಿಯಾದವರು; ಮನೆಯಲ್ಲಿ ಉಪ್ಪು ಕೇಳಿದರೂ ಎರಡು ಓಣಿ ಆಚೆ ಯಾರಾದರೂ ಉಪ್ಪು ಹುಡುಕಬೇಕು. ಮೊದಲ ಗುರುವಾರ ಬಂದವನು ನೇಕಾರ ಕರೆಪ್ಪ. ಬಾಗಿಲು ಮುಚ್ಚಿಕೊಂಡು, ಸೋಫಾದಲ್ಲಿ ಮುಳುಗಿ, ತನಗೆ ತಿಂಗಳುಗಟ್ಟಲೆ ನಿದ್ದೆ ಇಲ್ಲವೆಂದೂ, ಎದೆ ಸುಮ್ಮನೆ ಹಾರುತ್ತದೆಂದೂ ಗುಟ್ಟಾಗಿ ಹೇಳಿದ. ಅವನ ಲೆಕ್ಕದ ಗುಟ್ಟು. ಹೊರಗೆ ಇಂಜೆಕ್ಷನ್ನಿಗೆ ಸಾಲು ನಿಂತವರೆಲ್ಲ ಕೇಳಿಸಿಕೊಂಡು, ಹಾಲಿನಲ್ಲಿ ಜಾಜಿಕಾಯಿ ತೇದು ಕುಡಿಯೆಂದು ಒಬ್ಬರು, ದಿಂಬಿನ ದಿಕ್ಕು ಬದಲಿಸೆಂದು ಒಬ್ಬರು ಬಾಗಿಲ ಸಂದಿಯಿಂದಲೇ ಸಲಹೆ ಕೊಟ್ಟರು. ಕರೆಪ್ಪ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸುದ್ದಿ ಮುಟ್ಟಿದ ಮೇಲೆ ಊರೂ ಹಾಕಲಿಲ್ಲ.

ಆಮೇಲೆ ಬಂದವಳು ಸಾತವ್ವ ಒಬ್ಬಳೇ. ಐವತ್ತು ದಾಟಿದ ನೇಕಾರ ಹೆಂಗಸು, ಗಂಡ ತೀರಿ ವರ್ಷವಾಗಿತ್ತು. ಊಟ ಬಿಟ್ಟಿದ್ದಾಳೆಂದು ಸೊಸೆ ಒತ್ತಾಯ ಮಾಡಿ ಕಳಿಸಿದ್ದಳು. ಸಾತವ್ವ ಸೋಫಾದ ಅಂಚಿಗೆ ಕೂತು, ಜಲಪಾತ ನೋಡಿ, ಎಲ್ಲ ಆರಾಮ ಐತಿ ಎಂದು ಹೇಳಿ ಎದ್ದು ಹೋದಳು. ಮುಂದಿನ ವಾರವೂ ಅದೇ ಜಲಪಾತ, ಅದೇ ಆರಾಮ. ಆರಾಮಿದ್ದವರು ವಾರ ವಾರ ಯಾಕೆ ಬರುತ್ತಾರೆ ಎಂಬುದು ಉಜ್ವಲಾಳ ತಲೆಯೊಳಗೆ ಕೊರೆಯತೊಡಗಿತು. ಮರು ಗುರುವಾರ ಅವಳು ಕೋಣೆಗೆ ಬೀಗ ಹಾಕಿ, ಸಾತವ್ವ ನೇಯುತ್ತಿದ್ದ ಬಸಗೊಂಡಪ್ಪನ ಮಗ್ಗದ ಮನೆಗೆ ಹೋಗಿ, ಅವಳ ಎದುರು ನಿಂತಳು.

ಬಸಗೊಂಡಪ್ಪ ಎಂಟು ಮಗ್ಗಗಳ ಮಾಲಕ. ತನ್ನ ಮಗ್ಗದ ಮನೆಯಲ್ಲಿ ತನಗೆ ತಿಳಿಯದ ವಿಷಯವೇ ಇಲ್ಲ ಎಂಬ ಭಾವನೆಯ ಮೇಲೆ ಅವನ ಸಂಸಾರ ನಿಂತಿತ್ತು. ಎಷ್ಟು ಹೊತ್ತಾದರೂ ನಿಲ್ಲಲಿ, ಮಗ್ಗ ನಿಲ್ಲಬಾರದು ಎಂದ. ಮಗ್ಗ ನಿಲ್ಲಲಿಲ್ಲ. ಎಂಟು ಮಗ್ಗಗಳು ಒಟ್ಟಿಗೆ ನಡೆದಾಗ ಅಲ್ಲಿ ಪಕ್ಕದಲ್ಲಿ ಪಟಾಕಿ ಹೊಡೆದರೂ ಗೊತ್ತಾಗದು. ಅಂಥ ಕಡೆ ಮಾತೆಲ್ಲ ತುಟಿಯ ಮೇಲೆ. ತುಟಿ ಓದುವುದನ್ನು ಅಲ್ಲಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಹಾಗಿದ್ದರೆ ಗುಟ್ಟು ಹೇಗೆ ಉಳಿಯಬೇಕು? ಅದಕ್ಕೂ ಮಗ್ಗದ ಮನೆಯಲ್ಲಿ ಒಂದು ಮರ್ಯಾದೆ ಇದೆ. ಮಾತಾಡುವವರು, ಎದುರಿಗಿದ್ದವರಿಗಷ್ಟೇ ತುಟಿ ಕಾಣುವ ಹಾಗೆ, ಅಂಗೈಯನ್ನು ಬಾಯಿಯ ಬದಿಗೆ ಅಡ್ಡ ಹಿಡಿದರೆಂದರೆ, ಉಳಿದವರ ಕಣ್ಣು ತಮ್ಮ ತಮ್ಮ ನೂಲಿಗೆ ಹೋಗಬೇಕು. ಅಂಗೈ ಅಡ್ಡ ಬಂದ ಮೇಲೂ ನೋಡಿದವನಿಗೆ ಆ ಮನೆಯಲ್ಲಿ ಯಾರೂ ಚಹಾ ಕೂಡ ಕೊಡುವುದಿಲ್ಲ.

ಸಾತವ್ವ ಲಾಳಿಯ ಮೇಲೆ ಒಂದು ಕಣ್ಣಿಟ್ಟು, ಅಂಗೈ ಬಾಯಿಗೆ ಅಡ್ಡ ಹಿಡಿದಳು. ಸುತ್ತಲಿನ ಏಳು ತಲೆಗಳು ಬಗ್ಗಿದವು. ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಮದುವೆಯಾದಂದಿನಿಂದ ಗಂಡ ಹೆಂಡತಿ ಎದುರುಬದುರು ಮಗ್ಗಗಳಲ್ಲಿ ದುಡಿದವರು. ಜಗಳ, ಜೋಕು, ಮಕ್ಕಳ ಸಾಲಿ, ಸಂಜೆಯ ಪಲ್ಯ, ಎಲ್ಲವೂ ತುಟಿಯಲ್ಲೇ ನಡೆದಿದ್ದವು. ಈಗ ಎದುರಿನ ಮಗ್ಗಕ್ಕೆ ಬೇರೆಯವರು ಬಂದಿದ್ದಾರೆ. ಅವರು ಬಾಯಿ ತೆರೆದಾಗಲೆಲ್ಲ ಅವಳು ಗಂಡನ ಮಾತು ಹುಡುಕುತ್ತಾಳೆ.

“ಅವರ ದನಿ ಹೆಂಗಿತ್ತು ಅಂತ ನೆನಪಿಗೇ ಬರವಲ್ದ ಯವ್ವಾ. ಬಾಯಿ ಅಷ್ಟ ಕಣ್ಣಾಗ ಐತಿ. ಎಂಥಾ ಹೆಂಗಸು ನಾ, ಗಂಡನ ದನಿ ಮರತಾಕಿ.”

ಉಜ್ವಲಾ ಅಲ್ಲಿ ಎಷ್ಟು ಹೊತ್ತು ನಿಂತಳೋ ಅವಳಿಗೇ ಗೊತ್ತಿಲ್ಲ. ಓದಿದ್ದೆಲ್ಲ ಅಂದು ಕೆಲಸಕ್ಕೆ ಬಂತು, ಜೊತೆಗೆ ಓದದೇ ಇದ್ದದ್ದೂ ಬಂತು. ಅಂದಿನಿಂದ ಅವಳ ಗುರುವಾರ ಮಗ್ಗದ ಮನೆಗಳಿಗೆ ಹೋಯಿತು. ಬನಹಟ್ಟಿಯಿಂದ ರಬಕವಿಯವರೆಗೆ ಒಂದೊಂದು ವಾರ ಒಂದೊಂದು ಓಣಿ. ಮೊದಲು ಮಾಲಕನ ಒಪ್ಪಿಗೆ, ಆಮೇಲೆ ನೇಕಾರರದು. ಯಾರಿಗೆ ಬೇಕೋ ಅವರು ಅಂಗೈ ಎತ್ತುತ್ತಿದ್ದರು. ಬೇಡದವರು ಚಹಾ ಕುಡಿಸಿ ಕಳಿಸುತ್ತಿದ್ದರು. ಬಸಗೊಂಡಪ್ಪನಲ್ಲೇ ನೇಯುವ ಕರೆಪ್ಪನೂ ಅಂಗೈ ಎತ್ತಿದ. ಅವನಿಗೆ ಜಾಜಿಕಾಯಿ ಸಾಲದೆಂದು ಕಂಡಾಗ ಅವಳೇ ಜಮಖಂಡಿಯ ಡಾಕ್ಟರ ಬಳಿ ಕರೆದೊಯ್ದಳು. ಈಗ ಅವನು ನಿದ್ದೆ ಮಾಡುತ್ತಾನೆ. ಗೊರಕೆಯ ಬಗ್ಗೆ ಹೆಂಡತಿಯದು ಬೇರೆ ತಕರಾರು. ಸಾತವ್ವ ರೊಟ್ಟಿ ತಿನ್ನತೊಡಗಿದಳು.

ಹೀಗಿರುವಾಗ ಯೋಜನೆಯ ಮೌಲ್ಯಮಾಪನ ಬಂತು.

ಸರಕಾರದ ದುಡ್ಡಿನಲ್ಲಿ ಮಂದಿಗೆ ಮನಸಿನ ಆರೈಕೆ ನಿಜಕ್ಕೂ ಮುಟ್ಟುತ್ತಿದೆಯೇ ಎಂದು ನಾಲ್ಕೂ ಊರು ತಿರುಗಿ ನೋಡಿ ಹೇಳಲು ಜಮಖಂಡಿಯ ನಿವೃತ್ತ ಪ್ರಾಂಶುಪಾಲ ಪ್ರೇಮಕುಮಾರ ಸರ್ ಅವರನ್ನು ನೇಮಿಸಿದ್ದರು. ಸಜ್ಜನ ಮನುಷ್ಯ. ‘ಮೂಲತಃ’ ಎನ್ನದೆ ಒಂದು ವಾಕ್ಯ ಶುರುಮಾಡಲು ಬಾರದು, ಶುರುಮಾಡಿದ್ದನ್ನು ಮುಗಿಸಲು ಬಾರದು ಎಂಬುದಷ್ಟೇ ಅವರ ದೋಷ. ಅವರ ಪ್ರಶ್ನಾವಳಿಯ ಮೊದಲ ಕಲಮು, ಕೋಣೆಗೆ ಬಂದವರೆಷ್ಟು ಎಂಬುದು. ಜಮಖಂಡಿಗೆ ಉತ್ತಮ, ಮುಧೋಳಕ್ಕೆ ಉತ್ತಮ, ಬೀಳಗಿಗೆ ಸಮಾಧಾನಕರ ಎಂದು ಬರೆದಾಗಿತ್ತು. ಬನಹಟ್ಟಿಯ ಕೋಣೆ ಖಾಲಿ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ಖಾಲಿ ಇದ್ದರೆ ಬನಹಟ್ಟಿಯ ಗುರುವಾರವನ್ನು ತೆಗೆದು ಜಮಖಂಡಿಗೆ ಕೂಡಿಸಬಹುದು, ಬೇಕಾದವರು ಅಲ್ಲಿಗೇ ಬರಲಿ ಎಂಬುದು ಅವರ ಯೋಚನೆ.

ಅದನ್ನು ಕೇಳಿ ಉಜ್ವಲಾಳಿಗೆ ಮೊದಲು ನೆನಪಾದವಳು ಸಾತವ್ವ. ನೌಕರಿಗೇನೂ ಕುತ್ತಿರಲಿಲ್ಲ, ಜಮಖಂಡಿಯಲ್ಲಿ ಎರಡು ದಿನ ಕೂತರೆ ಅದೇ ಪಗಾರ. ಆದರೆ ನಡೆಯುವ ಮಗ್ಗ ಬಿಟ್ಟು, ಬಸ್ಸು ಹತ್ತಿ, ಪರವೂರಿನ ಸದ್ದಿಲ್ಲದ ಕೋಣೆಗೆ ಅವಳು ಹೋಗುವಳೇ? ಹೋದರೂ, ಎಲ್ಲ ಆರಾಮ ಐತಿ ಎಂದು ಹೇಳಿ ಬರುವಳು.

ಪ್ರೇಮಕುಮಾರ ಸರ್ ಬರುವ ದಿನಕ್ಕೆ ದವಾಖಾನೆಯ ಆಯಾ ಇಂದ್ರವ್ವ ಒಂದು ಉಪಾಯ ತಂದಳು. ಇಂಜೆಕ್ಷನ್ ಸಾಲಿನಿಂದ ನಾಲ್ಕು ಮಂದಿಯನ್ನು ಕೋಣೆಯೊಳಗೆ ದಬ್ಬುತ್ತೇನೆ, ಸಾಹೇಬರು ಹೋಗುವತನಕ ದುಃಖದಿಂದ ಕೂತಿರಲು ಹೇಳುತ್ತೇನೆ ಎಂದಳು. ಮನೆಯಲ್ಲಿ ರುಕ್ಮವ್ವನದು ಇನ್ನೊಂದು.

“ನಾ ಬಂದು ಕುಂಡ್ರತೇನಿ ತಗೋ. ನನಗೇನ ಚಿಂತಿ ಕಮ್ಮಿ ಅದಾವೇನು? ನಿನ್ನ ಮದವೀದೊಂದ ತಗದ್ರ ಸಂಜೀತನಾ ಹೇಳತೇನಿ.”

ಉಜ್ವಲಾ ಎರಡಕ್ಕೂ ಒಲ್ಲೆನೆಂದಳು. ಅವಳದೊಂದು ಸೊಕ್ಕು ಇದೆ, ಒಳ್ಳೆಯ ಜಾತಿಯದು. ಮಾಡಿದ ಕೆಲಸಕ್ಕೆ ವೇಷ ಹಾಕಬಾರದು ಎನ್ನುವಂಥದ್ದು. ಅವಳು ಸಾತವ್ವನನ್ನು ಮಾತ್ರ, ಸಾಹೇಬರನ್ನು ಮಗ್ಗದ ಹತ್ತಿರ ಕರೆತರಲೇ ಎಂದು ಒಂದು ಮಾತು ಕೇಳಿದಳು. ಬಂದು ನೋಡಲಿ, ಹೆಂಗೂ ಅವರಿಗೇನೂ ಕೇಳಿಸುವುದಿಲ್ಲವಲ್ಲ ಎಂದಳು ಸಾತವ್ವ.

ಗುರುವಾರ ಪ್ರೇಮಕುಮಾರ ಸರ್ ಬಂದರು. ನೀಲಿ ಕೋಣೆ ನೋಡಿ ಮೆಚ್ಚಿದರು, ಸೋಫಾ ಒತ್ತಿ ನೋಡಿ ಇನ್ನೂ ಮೆಚ್ಚಿದರು, ಮೊದಲ ಕಲಮಿನಲ್ಲಿ ಸೊನ್ನೆ ಬರೆದರು. ಉಜ್ವಲಾ ಅವರನ್ನು ಬಸಗೊಂಡಪ್ಪನ ಮಗ್ಗದ ಮನೆಗೆ ಕರೆದೊಯ್ದಳು. ಬಾಗಿಲಲ್ಲೇ ಅವರ ಕಿವಿ ಮುಚ್ಚಿಹೋಯಿತು. ಸಾತವ್ವ ಅಂಗೈ ಎತ್ತಿದಳು, ತಲೆಗಳು ಬಗ್ಗಿದವು, ಉಜ್ವಲಾ ನೋಡುತ್ತ ನಿಂತಳು. ಸರ್ ಬಾಗಿದರು, ಹಣಿಕಿದರು, ಕನ್ನಡಕ ಒರೆಸಿಕೊಂಡರು. ಅರ್ಧ ತಾಸಿನ ಮೇಲೆ ಹೊರಗೆ ಬಂದು, ಮೂಲತಃ ತಮಗೆ ಒಂದಕ್ಷರವೂ ಕೇಳಿಸಲಿಲ್ಲ ಎಂದು ಆಕ್ಷೇಪಿಸಿದರು.

“ನಿಮಗ ಕೇಳಸಬಾರದು ಅಂತನ ಇಲ್ಲಿ ನಿಂತೇವ್ರಿ ಸರ,” ಎಂದಳು ಉಜ್ವಲಾ.

ಪ್ರಾಂಶುಪಾಲರಾಗಿದ್ದವರು ಅಷ್ಟಕ್ಕೆ ಬಿಡುವವರಲ್ಲ. ಕೇಳಿಸದ್ದನ್ನು ನಡೆದಿದೆ ಎಂದು ಬರೆಯುವುದು ಹೇಗೆ? ತಾವೇ ಒಮ್ಮೆ ಅದರೊಳಗೆ ನಿಂತು ನೋಡಬೇಕು, ಅದೇ ಶಾಸ್ತ್ರೀಯ ವಿಧಾನ ಎಂದರು. ಉಜ್ವಲಾ ಹೂಂ ಎಂದಳು. ಅವರು ಮತ್ತೆ ಒಳಗೆ ಹೋಗಿ, ಮಗ್ಗದ ಬದಿಗೆ ಅವಳ ಎದುರು ನಿಂತು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದರು. ತಲೆಗಳು ಅವರಿಗೂ ಬಗ್ಗಿದವು. ಅದೊಂದು ಮರ್ಯಾದೆ ತಮಗೂ ಸಿಕ್ಕಿತೆಂದು ಅವರಿಗೆ ಮನಸ್ಸಿನಲ್ಲಿ ಏನೋ ಆದ ಹಾಗಿತ್ತು.

ಶುರುವಾದದ್ದು ಮೂಲತಃದಿಂದಲೇ. ಅವಳು ಅವರ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ವಾಚು ನೋಡಲಿಲ್ಲ, ಮೊಬೈಲು ನೋಡಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ತಮ್ಮ ಮಾತನ್ನು ಯಾರಾದರೂ ಹೀಗೆ ಅಕ್ಷರ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತೋ, ಸರ್ ಅವರ ಪುಸ್ತಕದ ಭಾಷೆ ಮೆಲ್ಲಗೆ ಜಾರಿ, ಅದರ ಕೆಳಗಿನಿಂದ ಜಮಖಂಡಿಯ ಭಾಷೆ ಮೇಲೆ ಬಂತು. ದನಿ ಏರಿತು. ಕೈ ಅಡ್ಡ ಇದ್ದದ್ದು ಎಲ್ಲೋ ಹೋಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ನೇಕಾರರಿಗೆ ಇದು ಮೊದಲೇ ತಿಳಿಯುತ್ತದೆ. ಮಗ್ಗದ ಬಡಿತ ಕೊಂಚ ಸಡಿಲಾಯಿತೆಂದರೆ ಸಾಕು, ಬಾಯಲ್ಲಿದ್ದ ಮಾತನ್ನು ಅಲ್ಲೇ ನುಂಗಿಬಿಡುತ್ತಾರೆ. ಪ್ರಾಂಶುಪಾಲರಿಗೆ ಆ ಅಭ್ಯಾಸವಿರಲಿಲ್ಲ. ಎಂಟು ಮಗ್ಗಗಳೂ ಒಮ್ಮೆಲೇ ಸುಮ್ಮನಾದ ಆ ಮಗ್ಗದ ಮನೆಯಲ್ಲಿ, ಪೂರ್ತಿ ಗಂಟಲಿನಲ್ಲಿ, ಅವರದೊಂದು ವಾಕ್ಯ ಉಳಿಯಿತು.

“ರಿಟಾಯರ್ ಆದಮ್ಯಾಲ ಮನ್ಯಾಗ ನಾ ಮಾತು ಚಾಲೂ ಮಾಡಿದ್ರ ನಾಯಿ ಸುದ್ದಾ ಎದ್ದು ಹೋಗತೈತಿ.”

ಸರ್ ತಡವಾಗಿ ಅಂಗೈಯನ್ನು ಬಾಯಿಗೆ ತಂದರು. ಬೇರೆ ಊರಾಗಿದ್ದರೆ ಯಾರಾದರೂ ಕಿಸಕ್ಕೆನ್ನಬೇಕಿತ್ತು. ಇಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ನೂಲಿನ ಮೇಲೆ ಇನ್ನಷ್ಟು ಬಗ್ಗಿದರು. ಕರೆಪ್ಪ ಹರಿಯದೇ ಇದ್ದ ಎಳೆಯನ್ನು ಬಹಳ ಕಾಳಜಿಯಿಂದ ಗಂಟು ಹಾಕತೊಡಗಿದ. ಬಸಗೊಂಡಪ್ಪ ತನಗೆ ಎಲ್ಲ ತಿಳಿದಿರಬೇಕೆಂಬ ನಿಯಮವನ್ನು ಅಂದೊಂದು ದಿನ ಬದಿಗಿಟ್ಟು, ಬಾಗಿಲ ಹೊರಗೆ ಹೋಗಿ ಕರೆಂಟಿನ ಕಂಬ ನೋಡುತ್ತ ನಿಂತ. ಕಡೆಗೆ ಸಾತವ್ವ ತನ್ನ ಮಗ್ಗದಿಂದಲೇ, ತಲೆ ಎತ್ತದೆ, ಹೊಸಬನಿಗೆ ಕೆಲಸ ಕಲಿಸುವ ದನಿಯಲ್ಲಿ ಹೇಳಿದಳು.

“ಕರೆಂಟ್ ಹ್ವಾದಾಗ ಮಾತಾಡಬಾರದ್ರಿ ಸರ. ಬರ್ಲಿ ತಡೀರಿ, ಮುಂದಿಂದು ಹೇಳೀರಂತ.”

ಕರೆಂಟ್ ಬಂತು. ಎಂಟು ಮಗ್ಗಗಳು ಮತ್ತೆ ಎದ್ದವು. ಪ್ರೇಮಕುಮಾರ ಸರ್ ಅಂಗೈಯನ್ನು ಈ ಸಲ ಸರಿಯಾಗಿ ಅಡ್ಡ ಹಿಡಿದು, ಮುಂದಿನದನ್ನು ಹೇಳಿದರು. ಬಹಳ ಹೊತ್ತು ಹೇಳಿದರು. ಏನು ಹೇಳಿದರೆಂದು ಉಜ್ವಲಾಳನ್ನು ಕೇಳಿದವರುಂಟು. ಅವಳು ಕೇಳಿದವರ ಬಾಯಿಯನ್ನು ಸುಮ್ಮನೆ ನೋಡುತ್ತಾಳೆ, ಕಿವುಡಿಯ ಹಾಗೆ. ನಾಯಿಯ ಮಾತು ಮಾತ್ರ ಇಲ್ಲಿ ಬಂದಿದೆ. ಅದು ಹೇಗೂ ಇಡೀ ಮಗ್ಗದ ಮನೆ ಕೇಳಿದ್ದು. ಬರೆಯಿರಿ, ಓದಿ ಇನ್ನೊಬ್ಬ ರಿಟಾಯರ್ ಆದವನು ಬರಲಿ ಎಂದು ಸರ್ ಅವರೇ ಹೇಳಿದರು.

ಹೊರಗೆ ಬಂದು ಅವರು ಪ್ರಶ್ನಾವಳಿ ತೆಗೆದರು. ಕೋಣೆಗೆ ಬಂದವರೆಷ್ಟು ಎಂಬ ಕಲಮನ್ನು ಹೊಡೆದುಹಾಕಿ, ಮಾತಾಡಿದವರೆಷ್ಟು ಎಂದು ಬರೆದರು. ಆಮೇಲೆ ಮಗ್ಗದ ಮನೆಗಳಲ್ಲಿ ದಿನವಿಡೀ ಕೂತು, ಯಾರು ಬಾಯಿಬಿಟ್ಟು ಹೇಳಲು ಒಪ್ಪಿದರೋ ಅವರನ್ನಷ್ಟೇ ಕೇಳಿದರು. ಏನು ಹೇಳಿಕೊಂಡಿರಿ ಎಂದು ಕೇಳಲಿಲ್ಲ. ಹೇಳಿಕೊಂಡ ಮೇಲೆ ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಮುಂದಿನ ಗುರುವಾರ ಬೇಕೇ ಎಂದು ಕೇಳಿದರು. ಬೇಕೆಂದವರ ದನಿ ರಬಕವಿಯವರೆಗೆ ಕೇಳಿಸಿತು.

ಜಮಖಂಡಿಯಲ್ಲಿ ಪರಿಶೀಲನಾ ಸಭೆ. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರೊಬ್ಬರು ಬಂದಿದ್ದರು. ಪ್ರೇಮಕುಮಾರ ಸರ್ ಎದ್ದು ನಿಂತು, ಮೂಲತಃ ಎಂದು ಒಂದೇ ಒಂದು ಸಲ ಹೇಳಿ, ನಾಲ್ಕು ಊರುಗಳಲ್ಲಿ ಯೋಜನೆ ನಿಜವಾಗಿ ಮನೆ ಹೊಕ್ಕಿರುವುದು ಬನಹಟ್ಟಿಯಲ್ಲಿ, ಆ ಗುರುವಾರವನ್ನು ಮುಟ್ಟಬಾರದು, ಮಗ್ಗದ ಮನೆಯನ್ನೇ ಸಮಾಲೋಚನೆಯ ಜಾಗವೆಂದು ಒಪ್ಪಬೇಕು ಎಂದು ಓದಿ, ಕೂತುಬಿಟ್ಟರು. ಅವರು ಇಷ್ಟು ಬೇಗ ಕೂತದ್ದನ್ನು ಜಮಖಂಡಿ ಎಂದೂ ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ರುಕ್ಮವ್ವ ಇಳಕಲ್ ಸೀರೆ ಉಟ್ಟು, ಕರೆಯದೇ ಬಂದು ಕೂತಿದ್ದಳು, ಪಕ್ಕದಲ್ಲಿ ಯಲ್ಲಕ್ಕ. ಆಕಿ ನಮ್ಮ ಓಣಿಯಾಕಿ ಎಂದು ಯಲ್ಲಕ್ಕ ಪಿಸುಗುಟ್ಟಿದ್ದು ವೇದಿಕೆಯವರೆಗೂ ಕೇಳಿಸಿತು. ಸಾಹೇಬರು ಬನಹಟ್ಟಿಯ ಗುರುವಾರಕ್ಕೆ ಸಹಿ ಹಾಕಿದರು.

ಸಹಿ ಹಾಕಿದ ಮೇಲೆ ಅವರಿಗೆ ಆ ನೀಲಿ ಕೋಣೆ ನೆನಪಾಯಿತು. ಅದರ ಬಣ್ಣವನ್ನು ತಾವೇ ಆರಿಸಿದ್ದರಂತೆ. ಪೆನ್ನು ಮುಚ್ಚುತ್ತ, ಸ್ವಲ್ಪ ನೊಂದುಕೊಂಡೇ, ಎಲ್ಲರೂ ಮಗ್ಗದ ಹತ್ತಿರ ನಿಂತರೆ ಅಷ್ಟು ಒಳ್ಳೆಯ ಸೋಫಾದ ಮೇಲೆ ಕೂಡುವವರು ಯಾರು ಎಂದು ಉಜ್ವಲಾಳನ್ನು ಕೇಳಿದರು.

“ನೀವ ಬಂದು ಕುಂಡರ್ರಿ ಸಾಹೇಬ್ರ,” ಎಂದಳು ಉಜ್ವಲಾ. “ಬಾಗಲಾ ನಾ ಹಾಕತೇನಿ.”